ಕಾವಪ್ಪನ ಹಸಿ ಸಂಸಾರ

ಹ್ಯಾಚರಿ ಅಂತ ಒಂದಿರುತ್ತದೆ, ಮೊಟ್ಟೆಯಿಂದ ಮರಿ ಮಾಡಿ ಮಾರುವ ಜಾಗ. ಅಲ್ಲಿಗೆ ಕೋಳಿ ನೋಡೋಣ ಅಂತ ಹೋದಿರೋ, ನಿರಾಸೆ ಕಟ್ಟಿಟ್ಟ ಬುತ್ತಿ. ಹುಡುಕಿದರೂ ಒಂದು ಕೋಳಿ ಸಿಗುವುದಿಲ್ಲ. ಬಟ್ಟೆ ಬೀರುವಿನಷ್ಟು ಎತ್ತರದ ಪೆಟ್ಟಿಗೆಗಳು ಸಾಲಾಗಿ ನಿಂತಿರುತ್ತವೆ. ಒಳಗೆ ತಟ್ಟೆ ತಟ್ಟೆ ಮೊಟ್ಟೆ, ಒಂದು ಫ್ಯಾನು, ಒಂದು ನೀರಿನ ಬೋಗುಣಿ, ಬಿಸಿ ಮಾಡುವ ಒಂದು ತಂತಿ. ತಾಯಿ ಮಾಡಬೇಕಾದ ಕೆಲಸವನ್ನೆಲ್ಲ ಪೆಟ್ಟಿಗೆ ಮಾಡುತ್ತದೆ, ಆ ಪೆಟ್ಟಿಗೆಯನ್ನು ನೋಡಿಕೊಳ್ಳುವುದಕ್ಕೆ ಒಬ್ಬ ಮನುಷ್ಯ ಇರುತ್ತಾನೆ. ನಮ್ಮವನು ಆ ಮನುಷ್ಯ. ಮೊಟ್ಟೆಗೆ ಕಾವು ಕೊಡುವವನು ಅಂತ ಎಲ್ಲರ ಬಾಯಲ್ಲೂ ಕಾವಪ್ಪ. ಹೆಂಡತಿ ಕೂಡ ಸಿಟ್ಟು ಬಂದಾಗ ಕಾವಪ್ಪ ಅನ್ನುತ್ತಿದ್ದಳು, ಉಳಿದ ಹೊತ್ತಿನಲ್ಲಿ ಬರೀ "ರೀ".

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲಿನ ಹಳೇ ಮೇಸ್ತ್ರಿ ಅವನ ಕಿವಿ ಹಿಂಡಿ ಎರಡು ಮಾತು ಹೇಳಿಕೊಟ್ಟಿದ್ದ. ಒಂದು, ಮಷೀನು ಸರಿಯಾಗಿ ಓಡುತ್ತಿರುವಾಗ ಯಾವ ಕಾರಣಕ್ಕೂ ಗುಂಡಿ ಮುಟ್ಟಬೇಡ. ಇನ್ನೊಂದು, ಮೊಟ್ಟೆಗಳನ್ನು ಹೊರಳಿಸುವುದು ಮರೆಯಬೇಡ. ಇವೆರಡನ್ನು ಬಿಟ್ಟು ಲೋಕದಲ್ಲಿ ತಿಳಿದುಕೊಳ್ಳುವಂಥದ್ದು ಇನ್ನೇನೂ ಇಲ್ಲ ಅಂತ ಕಾವಪ್ಪ ನಂಬಿದ್ದ. ಕೆಲಸದಿಂದ ಅವನಿಗೆ ಇನ್ನೊಂದು ಬಳುವಳಿಯೂ ಬಂದಿತ್ತು. ಹಗಲೆಲ್ಲ ಸಾವಿರಾರು ಮರಿಗಳ ನಡುವೆ ಇದ್ದೂ ಇದ್ದೂ, ಅವನ ಕಿವಿಯೊಳಗೆ ಯಾವಾಗಲೂ ಕಿಚಿಪಿಚಿ. ಮನೆಯಲ್ಲಿ ಕಿಚಿಪಿಚಿ, ಬಸ್ಸಿನಲ್ಲಿ ಕಿಚಿಪಿಚಿ, ಸತ್ತವರ ಮನೆಗೆ ಮಾತಾಡಿಸಲು ಹೋದರೆ ಅಲ್ಲೂ ಕಿಚಿಪಿಚಿ. ಕಿವಿ ಡಾಕ್ಟರು ಟಾರ್ಚು ಹಾಕಿ ನೋಡಿ, "ಏನೂ ಇಲ್ಲ, ಅಭ್ಯಾಸಬಲ, ಕಿವಿಗೆ ಹಾಕ್ಕೋಬೇಡಿ" ಅಂದಿದ್ದರು. ಕಿವಿಯೊಳಗೇ ಇರುವುದನ್ನು ಕಿವಿಗೆ ಹಾಕಿಕೊಳ್ಳದೆ ಇರುವುದು ಹೇಗೆ ಅಂತ ಇವನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೆಂಡತಿ ಹೊಲಿಗೆಯವಳು. ಮನೆಯ ಮುಂದಿನ ಕೋಣೆಯಲ್ಲೇ ಅವಳ ಮಷೀನು, ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ. ಕೋಟು ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿ ಹುಟ್ಟಿರಲಿಲ್ಲ, ಹುಟ್ಟಿದ್ದರೂ ಅವಳು ಒಪ್ಪುತ್ತಿರಲಿಲ್ಲ. ಅವಳಿಗೆ ಈಗ ದಿನ ತುಂಬುತ್ತಾ ಬರುತ್ತಿತ್ತು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಮೊದಲ ಬಸಿರು. ಮೊದಲ ತಿಂಗಳುಗಳಲ್ಲಿ ಪಾಪ, ಹೊಟ್ಟೆಯಲ್ಲಿ ಒಂದು ತುತ್ತು ನಿಂತಿರಲಿಲ್ಲ. ಎದುರುಮನೆಯಲ್ಲಿ ಈರುಳ್ಳಿ ಹುರಿದರೆ ಇವಳು ಇಲ್ಲಿ ಬಚ್ಚಲಿಗೆ ಓಡುತ್ತಿದ್ದಳು. ಒಲೆ ಹಚ್ಚಿದರೆ ವಾಂತಿ, ಒಲೆಯ ಮಾತೆತ್ತಿದರೂ ವಾಂತಿ. ಕೊನೆಗೆ ಒಂದು ದಿನ ಒಂದು ಹೋಳು ಸೌತೆಕಾಯಿ ಒಳಗೆ ಹೋಯಿತು, ಒಳಗೇ ನಿಂತಿತು. ಮಾರನೇ ದಿನ ಇನ್ನೊಂದು ಹೋಳು. ಕಾವಪ್ಪ ಸಂತೋಷ ತಡೆಯಲಾರದೆ ಒಂದು ಚೀಲ ಸೌತೆಕಾಯಿ ತಂದು ಸುರಿದ.

ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದೇ ಹೊತ್ತಿಗೆ ಕೋಟು ಹೊಲಿಸಲು ಒಬ್ಬ ಮೇಡಂ ಬಂದಳು. ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಆಕೆ ಒಂದು ತರಗತಿ ನಡೆಸುತ್ತಿದ್ದಳು, ಬೇಯಿಸದೆ ಬದುಕುವುದು ಹೇಗೆ ಅಂತ. ಮಾಂಸ, ಮೊಟ್ಟೆ, ಹಾಲು, ಜೇನು ಯಾವುದೂ ಕೂಡದು, ಬೆಂಕಿ ಸೋಕಿದ್ದಂತೂ ಕೂಡಲೇ ಕೂಡದು. ಬೆರಳಿಟ್ಟರೆ ತಡೆಯುವಷ್ಟು ಬಿಸಿಯಾದರೆ ಆಹಾರಕ್ಕೆ ಜೀವ ಇರುತ್ತದಂತೆ, ಅದರ ಮೇಲೆ ಹೋದರೆ ಸತ್ತಿತಂತೆ. ತೋಳಿನ ಅಳತೆ ಕೊಡುತ್ತಾ ಕೊಡುತ್ತಾ ಆಕೆ ಇಷ್ಟನ್ನೂ ಹೇಳಿದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ನಮ್ಮವಳು ಎದುರು ಮಾತಾಡುವಂತಿರಲಿಲ್ಲ. ಸೂಜಿ ತೆಗೆಯುವ ಹೊತ್ತಿಗೆ ಒಪ್ಪಿಯಾಗಿತ್ತು.

"ರೀ, ಹೆರಿಗೆ ಆಗೋವರೆಗೆ ನಾನು ಹಸೀದೇ ತಿನ್ನೋದು," ಅಂದಳು ಸಂಜೆ. "ನಾನು ತಿನ್ನೋದರ ಬಗ್ಗೆ ನೀವು ಒಂದು ಮಾತೂ ಆಡಬಾರದು. ಆಣೆ ಮಾಡಿ."

ಕಾವಪ್ಪ ಆಣೆ ಮಾಡಿದ. ಯಾಕೆ ಮಾಡಿದ ಅಂತೀರಾ? ತಿಂಗಳುಗಟ್ಟಲೆ ಕೆಟ್ಟು ಕೂತಿದ್ದ ಮಷೀನು ಈಗಷ್ಟೇ ಓಡುವುದಕ್ಕೆ ಶುರು ಮಾಡಿತ್ತು, ಗುಂಡಿ ಮುಟ್ಟುವಷ್ಟು ದಡ್ಡ ಅವನಲ್ಲ.

ಹೀಗೆ ಆ ಮನೆಯ ಒಲೆ ಆರಿತು. ಅದರ ಮೇಲೆ ಗೋಧಿಹುಲ್ಲು ಬೆಳೆಯುವ ತಟ್ಟೆಗಳು ಬಂದು ಕೂತವು. ದಿನಾ ಬೆಳಗ್ಗೆ ಆ ಹುಲ್ಲನ್ನು ಕತ್ತರಿಸಿ ಅರೆದು ಹಿಂಡಿ ಒಂದೊಂದು ಲೋಟ. ಬಸುರಿ ಒಬ್ಬಳೇ ಕುಡಿಯುವುದನ್ನು ನೋಡಲಾಗದೆ ಕಾವಪ್ಪನೂ ಕುಡಿದ. ಕುಡಿದು ಬೀದಿಗೆ ಇಳಿದರೆ, ದನ ಎದುರಾದಾಗ ಏನೋ ಒಂಥರಾ ನೆಂಟಸ್ತಿಕೆ ಅನ್ನಿಸುತ್ತಿತ್ತು. ವಾಕರಿಕೆಗೆ ಹಸಿ ಶುಂಠಿ, ಕಾಲು ಸೆಳೆತಕ್ಕೆ ನೆನೆಸಿದ ಎಳ್ಳು, ರಕ್ತ ಕಮ್ಮಿ ಅಂತ ತುರಿದ ಬೀಟ್‌ರೂಟು. ಕಾಲು ಊದಿಕೊಂಡರೆ ಕೋಸಿನ ಎಲೆ ಸುತ್ತಿ ಬಟ್ಟೆ ಕಟ್ಟುವುದು. ಒಂದು ದಿನ ಆ ಎಲೆ ಬಿಚ್ಚಿಟ್ಟದ್ದನ್ನು ಕಾವಪ್ಪ ಊಟ ಅಂದುಕೊಂಡು ಉಪ್ಪು ಹಾಕಿಕೊಂಡು ತಿಂದುಬಿಟ್ಟ. ಅವಳು ನೋಡಿಯೂ ಸುಮ್ಮನಿದ್ದಳು. ಆಮೇಲೆ ಸಂಜೆಯವರೆಗೂ ನಕ್ಕಳು.

ಮಾತಾಡುವಂತಿಲ್ಲ ಅಂದಮೇಲೆ ಅವನಿಗೆ ಉಳಿದದ್ದು ತನ್ನ ವಿದ್ಯೆ ಒಂದೇ. ಹೆಂಡತಿ ಮಲಗಿದ ಕೋಣೆಯಲ್ಲಿ ತೇವ ಇರಲಿ ಅಂತ ಬೋಗುಣಿಯಲ್ಲಿ ನೀರಿಟ್ಟ. ಅವಳು ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಮೆಲ್ಲಗೆ ಆ ಕಡೆ ಹೊರಳಿಸಿದ, ಸ್ವಲ್ಪ ಹೊತ್ತು ಬಿಟ್ಟು ಈ ಕಡೆ ಹೊರಳಿಸಿದ. ಒಂದು ಸಲ ಟಾರ್ಚು ಹಿಡಿದುಕೊಂಡು ಬಂದು ಅವಳ ಹೊಟ್ಟೆಯ ಹತ್ತಿರ ಬಗ್ಗಿದ.

"ಕಾವಪ್ಪಾ!" ಅಂತ ಕಿರುಚಿದಳು.

"ಏನಿಲ್ಲ ಕಣೇ, ಮೊಟ್ಟೆಗೆ ಹೀಗೇ ಬೆಳಕು ಹಿಡಿದು ನೋಡ್ತೀವಿ..."

"ಇನ್ನೊಂದು ಸಲ ಹಿಡಿದ್ರೆ ಟಾರ್ಚು ಮುರಿದುಹೋಗತ್ತೆ, ನೋಡಿ."

ಇಷ್ಟೆಲ್ಲ ತಮಾಷೆಯೇ ಬಿಡಿ. ತಮಾಷೆ ಅಲ್ಲದ್ದು ಒಂದಿತ್ತು. ಹೊಟ್ಟೆ ಮುಂದೆ ಬರುತ್ತಿತ್ತು, ಅವಳು ಹಿಂದೆ ಹೋಗುತ್ತಿದ್ದಳು. ಕೊರಳಿನ ಮೂಳೆ ಎದ್ದು ಕಾಣುತ್ತಿತ್ತು. ಹೆರಿಗೆ ಆಸ್ಪತ್ರೆಯ ನರ್ಸಮ್ಮ ಕಳೆದ ಸಲ ತೂಕದ ಮುಳ್ಳನ್ನು ನೋಡಿ, ಇವಳ ಮುಖವನ್ನು ನೋಡಿ, ಮತ್ತೆ ಮುಳ್ಳನ್ನು ನೋಡಿದ್ದಳು. ಗುಳಿಗೆಗಳ ಪಟ್ಟಿ ಕೈಗಿಟ್ಟು, "ಇದನ್ನ ದಿನಾ ತಗೋ. ಮುಂದಿನ ತಿಂಗಳು ಬರುವಾಗ ತೂಕ ಏರಿರಬೇಕು. ಏರಲಿಲ್ಲವೋ, ವಾರ್ಡಿನಲ್ಲಿ ಮಲಗಿಸಿ ನಾನೇ ಪಕ್ಕದಲ್ಲಿ ಕೂತು ತಿನ್ನಿಸ್ತೀನಿ, ಮಗು ಕೈಗೆ ಬರೋವರೆಗೂ ಮನೆಗೆ ಕಳಿಸಲ್ಲ" ಅಂದಿದ್ದಳು. ಜೊತೆಯಲ್ಲಿ ಬಂದಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಸೆರಗು ಬಾಯಿಗೆ ಅಡ್ಡ ಹಿಡಿದು ಅತ್ತಿದ್ದಳು. ಮನೆಗೆ ಬಂದ ಮೇಲೆ ಮಗಳು ಆ ಗುಳಿಗೆಗಳನ್ನು ಗುಂಡಿಗಳ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು.

ಕಾವಪ್ಪನ ಎದೆಯಲ್ಲಿ ಅವತ್ತಿನಿಂದ ಕಲ್ಲು ಕೂತಿತು. ಮಗುವಿಗೆ ಏನಾದರೂ ಆದರೆ? ಇವಳಿಗೇ ಏನಾದರೂ ಆದರೆ? ಹೇಳೋಣ ಅಂದರೆ ಆಣೆ. ಹೇಳಿದ ಮೇಲೆ ಆ ಸೌತೆಕಾಯಿಯೂ ನಿಲ್ಲದೆ ಹೋದರೆ? ಪೂರ್ತಿ ಅಡಕತ್ತರಿಯಲ್ಲಿ ಸಿಕ್ಕಿಕೊಂಡ.

ಒಂದು ಸಂಜೆ ಕೆಲಸದಿಂದ ಬಂದಾಗ ಅವಳು ಇಸ್ತ್ರಿ ಮಾಡುತ್ತಿದ್ದಳು. ಒದ್ದೆ ಬಟ್ಟೆ ಹಾಸಿ ಪೆಟ್ಟಿಗೆ ಒತ್ತಿದಳು, ಹಬೆ ಬುಸ್ ಅಂತ ಎದ್ದಿತು. ಅವಳು ಬಟ್ಟೆ ನೋಡದೆ ಕಣ್ಣು ಮುಚ್ಚಿ ಆ ಹಬೆಯ ಮೇಲೆ ಮುಖ ಇಟ್ಟಳು. ಬಾಯಿ ತುಸು ತೆರೆದಿತ್ತು. ಚಳಿಗಾಲ ಬೇರೆ. ಇವಳಿಗೆ ಹಸಿಯ ಹುಚ್ಚು ಇರಬಹುದು, ಆದರೆ ಬಿಸಿಯ ಆಸೆ ಸತ್ತಿಲ್ಲ ಅನ್ನುವುದು ಕಾವಪ್ಪನಿಗೆ ಆಗ ಗೊತ್ತಾಯಿತು.

ಗೊತ್ತಾದ ಕೂಡಲೇ ಅವನ ತಲೆಯಲ್ಲಿ ಬಲ್ಬು ಹತ್ತಿತು. ಬೆರಳು ತಡೆಯುವಷ್ಟು ಬಿಸಿ ನಡೆಯುತ್ತದೆ ಅಂತ ಆ ಮೇಡಮ್ಮೇ ಹೇಳಿದ್ದಾಳೆ ತಾನೆ! ಕೋಳಿಯ ಮೈ ಬಿಸಿಯಷ್ಟನ್ನೇ, ಒಂದು ಕೂದಲೆಳೆ ಹೆಚ್ಚಿಲ್ಲದೆ ಕಮ್ಮಿಯಿಲ್ಲದೆ ಹಿಡಿದಿಡುವುದು ಈ ಊರಿನಲ್ಲಿ ಯಾರ ಕಸುಬು? ಹ್ಯಾಚರಿಯ ಮೂಲೆಯಲ್ಲಿ ಒಂದು ಸಣ್ಣ ಪೆಟ್ಟಿಗೆ ಇತ್ತು. ತಟ್ಟೆ ಹೊರಳಿಸುವ ಹಿಡಿ ಮುರಿದಿದ್ದರಿಂದ, ಕೊನೆಯ ದಿನಗಳ ಮೊಟ್ಟೆಗಳನ್ನು ಒಡೆಯಲು ಬಿಡುವುದಕ್ಕೆ ಮಾತ್ರ ಬಳಸುತ್ತಿದ್ದರು. ಮರಿಗಳೆಲ್ಲ ಹೊರಬಂದು ಪೆಟ್ಟಿಗೆ ಖಾಲಿಯಾದ ದಿನವೇ ಮ್ಯಾನೇಜರನ್ನು ಕಾಡಿ ಬೇಡಿ ಅದನ್ನು ಕೇಳಿಕೊಂಡ. ಇನ್ನೂ ಬೆಚ್ಚಗಿದ್ದ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದು, ಕೈಗೆ ಸಿಕ್ಕಲ್ಲೆಲ್ಲ ಒರೆಸಿ ಅಡುಗೆಮನೆಯಲ್ಲಿ ಪ್ಲಗ್ಗು ಹಾಕಿದ. ನೀರಿನ ಬೋಗುಣಿ ಎತ್ತಿ ಅದರ ಹಿಂದೆ ನೋಡಬೇಕು ಅಂತ ಮಾತ್ರ ಅವನಿಗೆ ಹೊಳೆಯಲಿಲ್ಲ. ದಿನಕ್ಕೆ ಸಾವಿರ ಮೊಟ್ಟೆ ಎಣಿಸುವವನು, ಪುಣ್ಯಾತ್ಮ, ಮನೆಗೆ ತರುವಾಗ ಎಣಿಸಲಿಲ್ಲ.

ಮೊದಲ ದಿನ ಬಾಳೆಹಣ್ಣು, ನೆನೆಸಿದ ಬಾದಾಮಿ, ಖರ್ಜೂರ ಇಟ್ಟ. ಹೊರಗೆ ತೆಗೆದು ಕೊಟ್ಟಾಗ ಅವಳು ತಟ್ಟೆಯ ಅಡಿಗೆ ಎರಡು ಅಂಗೈಯನ್ನೂ ಒತ್ತಿ ಹಿಡಿದುಕೊಂಡಳು.

"ಬೆಚ್ಚಗಿದೆ ರೀ," ಅಂದಳು.

"ಹಸಿಯೇ ಕಣೇ. ಬೆಂಕಿ ಸೋಕಿಲ್ಲ."

"ಗೊತ್ತು. ತಿಂತೀನಿ."

ತಿಂದಳು, ತಟ್ಟೆ ಖಾಲಿ ಮಾಡಿದಳು. ಕಾವಪ್ಪ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ಸುತ್ತು ಕುಣಿದು ಬಂದ.

ಆದರೆ ತೂಕದ ದಿನ ಹತ್ತಿರವೇ ಇತ್ತು. ಬೆಚ್ಚಗಿನ ಬಾಳೆಹಣ್ಣು ಎಷ್ಟು ಬೇಗ ಮೈ ಹಿಡಿದೀತು? ವಾರ್ಡಿಗೆ ಹೆಂಡತಿಯನ್ನು ಬಿಟ್ಟು ಬಂದು ಈ ಮನೆಯಲ್ಲಿ ಒಬ್ಬನೇ ಕೂರುವುದನ್ನು ನೆನೆಯುವುದೂ ಅವನಿಂದಾಗಲಿಲ್ಲ. ಅವಳು ಬಟ್ಟೆ ಕೊಡಲು ಹೊರಗೆ ಹೋಗಿದ್ದಾಗ ಅವಳ ದಪ್ಪ ಉಣ್ಣೆ ಕೋಟು ತೆಗೆದ. ಕೆಳ ಅಂಚಿನ ಒಳಪದರ ಬಿಚ್ಚಿ, ಹ್ಯಾಚರಿಯ ಹಳೇ ತಕ್ಕಡಿಯ ಹಿತ್ತಾಳೆ ತೂಕದ ಬಟ್ಟುಗಳನ್ನು ಸಾಲಾಗಿ ಇಳಿಬಿಟ್ಟು ಹೊಲಿದ. ಹೊಲಿಗೆ ಅಂದರೆ ಹೊಲಿಗೆ, ಕುಡಿದವನು ನಡೆದ ದಾರಿಯ ಹಾಗಿತ್ತು. ಇದು ಮೋಸ ಅಂತ ಅವನಿಗೆ ಗೊತ್ತಿತ್ತು. ಇನ್ನೊಂದು ತಿಂಗಳು ಸಿಕ್ಕರೆ ಪೆಟ್ಟಿಗೆ ತನ್ನ ಕೆಲಸ ಮಾಡುತ್ತದೆ ಅಂತ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ.

ತೂಕದ ದಿನ ಬೆಳಗ್ಗೆ ಅವನು ಸ್ನಾನ ಮಾಡುತ್ತಿದ್ದಾಗ ಹೆಂಡತಿ ಪೆಟ್ಟಿಗೆಯ ಬಾಗಿಲು ತೆಗೆದಳು. ಬಾದಾಮಿ ತಟ್ಟೆಯ ನಟ್ಟನಡುವೆ, ಬಾಳೆಹಣ್ಣಿಗೆ ಒರಗಿಕೊಂಡು, ಹಳದಿ ಉಂಡೆಯಂಥದ್ದೊಂದು ನಿಂತು ಇವಳನ್ನೇ ನೋಡುತ್ತಿತ್ತು. ಬೋಗುಣಿಯ ಹಿಂದೆ ಒಡೆದ ಚಿಪ್ಪು ಬಿದ್ದಿತ್ತು. ಅದು ಇವಳನ್ನು ನೋಡಿತು, ಇವಳು ಅದನ್ನು ನೋಡಿದಳು. ಅದು ಕಿಚ್ ಅಂದಿತು. ಅಲ್ಲಿಗೆ ಮುಗಿಯಿತು, ಇವಳೇ ಅದರ ತಾಯಿ.

ಇದೆಲ್ಲ ಕಾವಪ್ಪನಿಗೆ ತಿಳಿದದ್ದು ಆಮೇಲೆ. ಗಂಡನಿಗೆ ಹೇಳಿದರೆ ಮರಿಯನ್ನು ವಾಪಸ್ಸು ಹ್ಯಾಚರಿಗೆ ಒಯ್ಯುತ್ತಾನೆ, ಅಲ್ಲಿಂದ ಅದು ಯಾರ ತಟ್ಟೆಗೆ ಹೋಗುತ್ತದೋ ಅಂತ ಅವಳಿಗೆ ಭಯ. ಕೆಳಗಿಟ್ಟರೆ ಕೂಗುತ್ತದೆ, ಕೈಯಲ್ಲಿ ಹಿಡಿದರೆ ಸುಮ್ಮನಾಗುತ್ತದೆ. ಕೋಟಿನ ಒಳಜೇಬಿಗೆ ಹತ್ತಿ ಹಾಕಿ ಅದನ್ನು ಕೂರಿಸಿ ಗುಂಡಿ ಹಾಕಿಕೊಂಡಳು. ಕಾವಪ್ಪ ತಲೆ ಒರೆಸಿಕೊಳ್ಳುತ್ತಾ ಬಂದಾಗ ಕಿಚಿಪಿಚಿ ಕೇಳಿಸಿತು. ಕೇಳಿಸದೇ ಇದ್ದ ದಿನ ಯಾವುದು! ಕಿರುಬೆರಳಿನಿಂದ ಕಿವಿ ಅಲುಗಾಡಿಸಿ ಸುಮ್ಮನಾದ.

ದಾರಿಯಲ್ಲಿ ಅತ್ತೆಯೂ ಬಸ್ಸು ಹತ್ತಿದಳು. ಮಗಳು ವಾರ್ಡಿಗೆ ಸೇರುವುದು ಖಂಡಿತ ಅಂತ ಆಕೆ ಹಾಸಿಗೆ ಬಟ್ಟೆಯ ಗಂಟನ್ನೇ ಹೊತ್ತು ತಂದಿದ್ದಳು. ಬಸ್ಸಿನ ತುಂಬ ಕಿಚಿಪಿಚಿ. ಮುಂದಿನ ಸೀಟಿನ ಹೆಂಗಸು ಎರಡು ಸಲ ತಿರುಗಿ ಕಾವಪ್ಪನನ್ನೇ ನೋಡಿದಳು. ಅವನು ಮೀಸೆಗೆ ಬೀಟ್‌ರೂಟು ಅಂಟಿರಬೇಕು ಅಂದುಕೊಂಡು ಒರೆಸಿಕೊಂಡ.

"ಅಳಿಯಂದ್ರೇ, ಏನೋ ಸದ್ದು ಬರ್ತಿದೆಯಲ್ಲ?" ಅಂದಳು ಅತ್ತೆ.

"ಬಸ್ಸು ಹಳೇದು ಅತ್ತೆ," ಅಂದ ಕಾವಪ್ಪ. ಅವನ ಧ್ಯಾನವೆಲ್ಲ ಹೆಂಡತಿಯ ಕೋಟಿನ ಅಂಚಿನ ಮೇಲಿತ್ತು. ಬಟ್ಟುಗಳು ಒಂದಕ್ಕೊಂದು ತಾಗಿ ಟಣ್ ಅನ್ನದಿದ್ದರೆ ಸಾಕಾಗಿತ್ತು.

ನರ್ಸಮ್ಮನ ಕೋಣೆ ಚಿಕ್ಕದು. ಹಸಿರು ಪರದೆ, ಒಂದು ಕಾಲಿನ ಕೆಳಗೆ ರಟ್ಟು ಮಡಚಿಟ್ಟ ಸ್ಟೂಲು, ಗೋಡೆಗೆ ಒತ್ತಿ ನಿಂತ ತೂಕದ ಮಷೀನು.

"ಕೋಟು ತೆಗೆದು ಹತ್ತಮ್ಮ."

"ಚಳಿ ನರ್ಸಮ್ಮ," ಅಂದಳು ಹೆಂಡತಿ.

"ತುಂಬಾ ಚಳಿ," ಅಂದ ಕಾವಪ್ಪ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಸರಿ, ಹಾಗೇ ಹತ್ತು. ಕೋಟಿನ ತೂಕ ಕಳೆದು ಬರ್ಕೋತೀನಿ."

ಹತ್ತಿದಳು. ಮುಳ್ಳು ಗಿರ್ರನೆ ಓಡಿತು. ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿ ನಿಲ್ಲಲಿಲ್ಲ, ಮುಂದೆ ಹೋಯಿತು, ಇನ್ನೂ ಮುಂದೆ ಹೋಯಿತು. ತಾನು ಹೊಲಿದದ್ದು ಇಷ್ಟಾಗುವುದಿಲ್ಲವಲ್ಲ ಅಂತ ಕಾವಪ್ಪನಿಗೇ ಗಾಬರಿಯಾಯಿತು. ನರ್ಸಮ್ಮ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು.

"ಒಂದು ತಿಂಗಳಲ್ಲಿ ಏಳು ಕೆಜಿ," ಅಂದಳು. "ಏನಮ್ಮ ತಿಂದೆ?"

"ಸೌತೆಕಾಯಿ."

"ಗಿಡ ಸಮೇತವಾ?"

ಅಷ್ಟರಲ್ಲಿ ಕಿಚಿಪಿಚಿ ಜೋರಾಯಿತು. ನರ್ಸಮ್ಮ ಕೋಟಿನ ಹತ್ತಿರ ಕಿವಿ ತಂದಳು.

"ನಿನ್ನ ಕೋಟು ಕೂಗ್ತಾ ಇದೆಯಲ್ಲಮ್ಮ!"

ಕಾವಪ್ಪ ಕುರ್ಚಿಯಿಂದ ಎದ್ದೇ ಬಿಟ್ಟ. "ನಿಮಗೂ ಕೇಳಿಸ್ತಾ ಇದೆಯಾ?" ಅಂದ. ಇಷ್ಟು ವರ್ಷಕ್ಕೆ ತನ್ನ ಕಿವಿಯ ಕಾಯಿಲೆಗೆ ಒಬ್ಬರು ಸಾಕ್ಷಿ ಸಿಕ್ಕರು ಅಂತ ಅವನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ನರ್ಸಮ್ಮ ಕೋಟಿನ ಗುಂಡಿ ಬಿಚ್ಚಿಸಿದಳು. ಒಳಜೇಬಿನಿಂದ ಹಳದಿ ತಲೆಯೊಂದು ಹೊರಗೆ ಬಂದು ಎಲ್ಲರನ್ನೂ ಒಮ್ಮೆ ನೋಡಿತು. "ಅಯ್ಯಯ್ಯೋ!" ಅಂತ ಅತ್ತೆ ಗಂಟನ್ನು ಕೆಳಗೆ ಹಾಕಿ ಅದರ ಮೇಲೆಯೇ ಕೂತಳು. ಆಮೇಲೆ ಜೇಬುಗಳೆಲ್ಲ ಮೇಜಿನ ಮೇಲೆ ಖಾಲಿಯಾದವು. ಬಲಗಡೆಯದರಿಂದ ಕಬ್ಬಿಣದ ಕುಟ್ಟಾಣಿ, ಎಡಗಡೆಯದರಿಂದ ಮನೆಯ ಹಳೇ ಬೀಗ ಎರಡು ಮತ್ತು ದೊಡ್ಡ ಕತ್ತರಿ. ಇನ್ನೊಂದರಿಂದ ಕರವಸ್ತ್ರದಲ್ಲಿ ಗಂಟು ಕಟ್ಟಿದ ಬಾದಾಮಿ, ಮರಿಗೆ ಅಂತ. ಕಾವಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ಇವಳೂ!

ನರ್ಸಮ್ಮ ಬಿಚ್ಚಿಟ್ಟ ಕೋಟನ್ನು ಎತ್ತಲು ಹೋಗಿ ಎತ್ತಲಾರದೆ ಅಂಚನ್ನು ಮುಟ್ಟಿ ನೋಡಿದಳು. "ಇದೇನಿದು ಒಳಗೆ?"

"ಅದು... ಅದು ನಾನು," ಅಂತ ಕಾವಪ್ಪ ತಲೆ ತಗ್ಗಿಸಿದ. "ಬಟ್ಟು ಇಟ್ಟು ಹೊಲ್ದೆ. ಇವಳಿಗೆ ಗೊತ್ತಿಲ್ಲ."

"ಗೊತ್ತಿಲ್ಲದೆ ಏನು?" ಅಂದಳು ಹೆಂಡತಿ. "ಆ ಹೊಲಿಗೆ ನೋಡಿ ನನಗೆ ಮೈ ಉರಿದುಹೋಯ್ತು. ಬೀದಿಯಲ್ಲಿ ಬಿಚ್ಚಿಕೊಂಡು ಬಿದ್ದಿದ್ರೆ ನನ್ನ ಹೆಸರು ಏನಾಗ್ತಿತ್ತು? ಪೂರ್ತಿ ಬಿಚ್ಚಿ ನಾನೇ ಮತ್ತೆ ಹೊಲ್ದೆ."

ನರ್ಸಮ್ಮ ಸ್ಟೂಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆಯೂ ನಕ್ಕಳು. ಕಾವಪ್ಪ ನಗಬೇಕೋ ಬೇಡವೋ ಗೊತ್ತಾಗದೆ ಮರಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತ. ನಗು ನಿಂತ ಮೇಲೆ ನರ್ಸಮ್ಮ, "ಈಗ ಬರೀ ನೀನು ಹತ್ತು" ಅಂದಳು.

ಅವಳು ಬರಿಗಾಲಿನಲ್ಲಿ ಹತ್ತಿದಳು. ಮುಳ್ಳು ನಿಧಾನಕ್ಕೆ ಎದ್ದು ಕಳೆದ ತಿಂಗಳ ಗುರುತಿನ ಹತ್ತಿರ ಬಂತು. ಗುರುತು ಮುಟ್ಟುವ ಮೊದಲೇ ನಿಂತಿತು. ಏರಿರಲಿಲ್ಲ, ಇಳಿದಿತ್ತು.

ಬೈಗುಳ ಬೀಳುತ್ತದೆ ಅಂತ ಎಲ್ಲರೂ ಕಾದರು, ನರ್ಸಮ್ಮ ಬೈಯಲಿಲ್ಲ. ಅವಳ ಕೈ ಹಿಡಿದು ಕೆಳಗಿಳಿಸಿ, "ಗುಳಿಗೆ ತಗೊಂಡಿಲ್ಲ ಅಲ್ವಾ?" ಅಂತ ಕೇಳಿದಳು. "ಯಾಕಮ್ಮ? ನಿಮ್ಮಮ್ಮ ಕಳೆದ ಸಲ ಹೇಳಿದ ಆ ಹಸಿ ಊಟದ ಮೇಡಂ ಮಾತನ್ನೆಲ್ಲ ಅಷ್ಟು ನಂಬಿದ್ದೀಯಾ?"

"ಅರ್ಧನೂ ನಂಬಲ್ಲ," ಅಂದಳು ಹೆಂಡತಿ. "ನಾಲ್ಕು ತಿಂಗಳು ಏನೂ ನಿಲ್ಲಲಿಲ್ಲ ನರ್ಸಮ್ಮ. ನೀರೂ ನಿಲ್ಲಲಿಲ್ಲ. ಇದೂ ನನ್ನಲ್ಲಿ ನಿಲ್ಲಲ್ಲ ಅಂದುಕೊಂಡುಬಿಟ್ಟಿದ್ದೆ." ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಆಮೇಲೆ ಸೌತೆಕಾಯಿ ನಿಂತಿತು. ಅದೇ ವಾರ ಇದು ಒಳಗೆ ಮೊದಲ ಸಲ ಮಿಸುಕಾಡ್ತು. ಅವತ್ತಿನಿಂದ ಬೇರೆ ಏನು ಬಾಯಿಗಿಡೋದಕ್ಕೂ ಭಯ. ಒಂದು ಗುಳಿಗೆ ನುಂಗಿ, ಒಂದು ತುತ್ತು ಬಿಸಿ ತಿಂದು, ಎಲ್ಲಾ ಮತ್ತೆ ಹೊರಗೆ ಬಂದ್ರೆ? ಇದೂ ಬಂದುಬಿಟ್ರೆ? ನನಗೆ ಹಸಿವಾಗತ್ತೆ ನರ್ಸಮ್ಮ. ತುಂಬಾ ಹಸಿವಾಗತ್ತೆ."

ಅತ್ತೆ ಎದ್ದು ಬರುವಷ್ಟರಲ್ಲಿ ಕಾವಪ್ಪ ಹೆಂಡತಿಯ ಮುಂದೆ ಮೊಣಕಾಲೂರಿ ಕೂತಿದ್ದ. ಒಂದು ಕೈಯಲ್ಲಿ ಮರಿ ಹಾಗೇ ಇತ್ತು.

"ನನಗೂ ಅದೇ ಭಯ ಕಣೇ," ಅಂದ. "ಅದಕ್ಕೇ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಮಷೀನು ಓಡ್ತಿರುವಾಗ ಗುಂಡಿ ಮುಟ್ಟಬೇಡ ಅಂತ ಮೇಸ್ತ್ರಿ ಹೇಳಿದ್ದು. ನಾನು ಮುಟ್ಟಲಿಲ್ಲ. ಆದರೆ ಅವನು ಇನ್ನೊಂದು ಮಾತೂ ಹೇಳಿದ್ದ, ನಾನು ದಡ್ಡ, ಅದನ್ನು ಬರೀ ನಿನ್ನ ಮಗ್ಗುಲಿಗೆ ಹಚ್ಚಿದೆ. ಮೊಟ್ಟೆ ಹೊರಳಿಸಲೇಬೇಕು. ಬೆಚ್ಚಗಿದೆ, ಚೆನ್ನಾಗಿದೆ ಅಂತ ಹಾಗೇ ಬಿಟ್ರೆ ಒಳಗಿನ ಮರಿ ಚಿಪ್ಪಿಗೆ ಅಂಟಿಕೊಂಡುಬಿಡತ್ತೆ, ಆಮೇಲೆ ಹೊರಗೆ ಬರೋದೇ ಇಲ್ಲ. ನೀನೂ ನಾನೂ ಅಂಟಿಕೊಂಡು ಕೂತಿದ್ದೀವಿ. ಒಂದು ಸ್ವಲ್ಪ, ಒಂದೇ ಒಂದು ಸ್ವಲ್ಪ ಹೊರಳೋಣ. ಆಣೆ ಮುರಿದೆ, ಬೈಯೋದಿದ್ರೆ ಬೈಯಿ."

ಅವಳು ಬೈಯಲಿಲ್ಲ. ಅವನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಜೋರಾಗಿ ಅತ್ತಳು. ನಡುವೆ ಸಿಕ್ಕಿಕೊಂಡ ಮರಿ ಕಿರುಚಿತು.

"ನೋಡಿ, ಹಾಲು ಮೊಟ್ಟೆ ಬೇಡ ಅಂದ್ರೆ ಬಿಡಿ, ನನ್ನ ತಕರಾರಿಲ್ಲ," ಅಂದಳು ನರ್ಸಮ್ಮ ಮೂಗು ಒರೆಸಿಕೊಂಡು. "ಹಣ್ಣು ತರಕಾರಿ ತೊಳೆದು ಎಷ್ಟು ಬೇಕಾದ್ರೂ ಹಸಿ ತಿನ್ನಲಿ. ಆದರೆ ಕಾಳು ಬೇಯಿಸಿ, ಗೆಡ್ಡೆ ಬೇಯಿಸಿ, ಹೊಟ್ಟೆ ತುಂಬ ತಿನ್ನಲಿ. ಮೊಳಕೆ ಕಾಳು ಹಸಿ ಬೇಡವೇ ಬೇಡ. ಬಿ-ಟ್ವೆಲ್ವ್ ವಿಟಮಿನ್ನು ಯಾವ ಹುಲ್ಲಲ್ಲೂ ನಂಬಿ ಕೂರೋ ಹಾಗೆ ಸಿಗಲ್ಲ, ಅದು ಗುಳಿಗೆಯಲ್ಲೇ ಬರಬೇಕು, ಕಬ್ಬಿಣದ್ದೂ ಹಾಗೇ. ಒಂದು ವಾರ ಕೊಡ್ತೀನಿ. ಮನೆಯಲ್ಲಿ ಆಗಲಿಲ್ಲ ಅಂದ್ರೆ ವಾರ್ಡು, ಅವತ್ತು ಕುಟ್ಟಾಣಿ ತರಬೇಡಿ." ಆಮೇಲೆ ಏನೋ ನೆನಪಾಗಿ ಕಾವಪ್ಪನ ಕಡೆ ತಿರುಗಿದಳು. "ಈ ಮರಿ ಎಲ್ಲಿಂದ ಬಂತು?"

ಕಾವಪ್ಪ ಪೆಟ್ಟಿಗೆಯ ವಿಷಯ ಹೇಳಿದ. ಹೇಳುತ್ತಾ ಹೇಳುತ್ತಾ ನರ್ಸಮ್ಮನ ಮುಖ ನೋಡಿ ಧ್ವನಿ ಇಳಿಯಿತು.

"ಮೊಟ್ಟೆ ಇಟ್ಟ ಪೆಟ್ಟಿಗೆಯಲ್ಲಿ ಬಸುರಿಯ ಊಟ!" ಅಂತ ಅವಳು ಹಣೆ ಚಚ್ಚಿಕೊಂಡಳು. "ಆ ಕಾವಿಗೆ ಮರಿ ಮಾತ್ರ ಅಲ್ಲಪ್ಪ, ಕಣ್ಣಿಗೆ ಕಾಣದ ಕ್ರಿಮಿಯೂ ಸಂಸಾರ ಹೂಡತ್ತೆ. ಇವತ್ತೇ ಪ್ಲಗ್ಗು ಕೀಳು! ಇವಳಿಗೆ ಹೊಟ್ಟೆ ಕೆಟ್ರೆ, ಜ್ವರ ಬಂದ್ರೆ, ಆ ಕ್ಷಣ ಇಲ್ಲಿಗೆ ಕರ್ಕೊಂಡು ಬಾ."

ಮನೆಗೆ ಬಂದ ಕೂಡಲೇ ಪೆಟ್ಟಿಗೆ ಹಿತ್ತಲಿಗೆ ಹೋಯಿತು. ಹೆಂಡತಿ ಗುಂಡಿಗಳ ಡಬ್ಬಿ ತೆಗೆದು, ಕೋಟಿನ ಗುಂಡಿಗಳ ನಡುವಿನಿಂದ ಒಂದು ಗುಳಿಗೆ ಆರಿಸಿ, ಕಣ್ಣು ಮುಚ್ಚಿ ನುಂಗಿ ನೀರು ಕುಡಿದಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ಒಲೆಯ ಮೇಲಿನ ಗೋಧಿಹುಲ್ಲಿನ ತಟ್ಟೆಗಳನ್ನು ಎತ್ತಿ ಕಿಟಕಿಯಲ್ಲಿಟ್ಟಳು. ಆಲೂಗಡ್ಡೆ ತೊಳೆದು ಪಾತ್ರೆಗೆ ಹಾಕಿ, ಒಲೆ ಹಚ್ಚಲು ಕೈ ಚಾಚಿದಳು.

"ಅಮ್ಮ, ಬೇಡ. ಅವರೇ ಹಚ್ಚಲಿ," ಅಂದಳು ಮಗಳು.

ಕಾವಪ್ಪ ಒಲೆಯ ಮುಂದೆ ನಿಂತ. ಗುಂಡಿಯ ಮೇಲೆ ಕೈ ಇಟ್ಟ, ತೆಗೆದ, ಅಂಗಿಗೆ ಒರೆಸಿಕೊಂಡು ಮತ್ತೆ ಇಟ್ಟ. ತಿರುಗಿಸಿದ. ಬೆಂಕಿ ಭಗ್ ಅಂತ ಹತ್ತಿತು.

ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿದು, ಎರಡು ಹೋಳು ಮಾಡಿ, ಹಬೆಯಾಡುತ್ತಿರುವಾಗಲೇ ಉಪ್ಪು ಉದುರಿಸಿ ಅವಳ ಮುಂದಿಟ್ಟ. ಅವಳು ಮೊದಲು ಹಬೆಗೆ ಮುಖ ಕೊಟ್ಟಳು. ಆಮೇಲೆ ಒಂದು ತುತ್ತು ಬಾಯಿಗಿಟ್ಟು, ಬಿಸಿಗೆ ಹಾ ಹಾ ಅಂತ ಬಾಯಿ ಆಡಿಸಿ, ನುಂಗಿದಳು. ಇನ್ನೊಂದು ತುತ್ತು. ಪೂರ್ತಿ ತಿಂದು ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

ಎಲ್ಲರೂ ಕಾದರು. ಕಾವಪ್ಪ ಒಂದು ಕೈಯಲ್ಲಿ ಬಕೆಟ್ಟು ಹಿಡಿದು ನಿಂತಿದ್ದ. ಅತ್ತೆ ಟವೆಲ್ಲು ಹಿಡಿದಿದ್ದಳು. ಮರಿ ಮೇಜಿನ ಮೇಲೆ ನಿಂತು ಕತ್ತು ಓರೆ ಮಾಡಿ ಅವಳ ಬಾಯನ್ನೇ ನೋಡುತ್ತಿತ್ತು. ಅವಳು ಒಮ್ಮೆ ಮುಖ ಕಿವುಚಿದಳು, ಕಾವಪ್ಪ ಬಕೆಟ್ಟು ಮುಂದೆ ಚಾಚಿದ. ಅವಳು ಒಂದು ದೊಡ್ಡ ತೇಗು ತೇಗಿದಳು. ಆಮೇಲೆ ಥಟ್ಟನೆ ಹೊಟ್ಟೆ ಹಿಡಿದುಕೊಂಡಳು.

"ಏನಾಯ್ತು? ಏನಾಯ್ತೇ?" ಕಾವಪ್ಪನ ಜೀವ ಬಾಯಿಗೆ ಬಂದಿತ್ತು.

"ಒದೀತು ರೀ," ಅಂದಳು. "ಇಷ್ಟು ಜೋರಾಗಿ ಯಾವತ್ತೂ ಒದ್ದಿರಲಿಲ್ಲ."

ಅತ್ತೆ ಟವೆಲ್ಲಿನಿಂದ ತನ್ನ ಕಣ್ಣನ್ನೇ ಒರೆಸಿಕೊಂಡಳು. ಕಾವಪ್ಪ ಇನ್ನೂ ಬಕೆಟ್ಟು ಹಿಡಿದುಕೊಂಡೇ ನಿಂತಿದ್ದ. ಅವಳು ಖಾಲಿ ತಟ್ಟೆಯನ್ನು ಅವನ ಕಡೆ ನೂಕಿದಳು.

"ಉಪ್ಪು ಕಮ್ಮಿ ಆಗಿತ್ತು," ಅಂದಳು. "ಇನ್ನೊಂದಕ್ಕೆ ಸರಿಯಾಗಿ ಹಾಕಿ."